ಮಡ್ಡಿ ಹೊಲಕ್ಕೆ ಕಡಲು ಬಂದ ಶನಿವಾರ

ಶನಿವಾರ ಬೆಳಗ್ಗೆ ನಮ್ಮೂರಿನವರು ಪಂಚಾಂಗ ನೋಡುವುದಿಲ್ಲ, ಹಪ್ಪಳ ನೋಡುತ್ತಾರೆ. ಶುಕ್ರವಾರ ಸಂಜೆಯೇ ಮಾಳಿಗೆಯ ನಾಲ್ಕು ಮೂಲೆಗೆ ಒಂದೊಂದು ಸುಟ್ಟ ಹಪ್ಪಳ ಇಟ್ಟು, ಕಾಗೆ ಹೊತ್ತೊಯ್ಯದಂತೆ ಮೇಲೆ ಬುಟ್ಟಿ ಬೋರಲು ಹಾಕಿ ಮಲಗುತ್ತೇವೆ. ಬೆಳಗಾದ ಮೇಲೆ ಯಾವ ಮೂಲೆಯ ಹಪ್ಪಳ ಮೆತ್ತಗಾಗಿದೆಯೋ, ಈ ಸಲ ಕಡಲು ಆ ಕಡೆಗೆ ಬಂದಿದೆ ಎಂದರ್ಥ. ಹೋದ ವಾರ ಇಟ್ಟಂಗಿ ಭಟ್ಟಿಯ ಹಿಂದೆ ಬಂದಿತ್ತು. ಅದರ ಹಿಂದಿನ ವಾರ ಕುರುಬರ ಹಟ್ಟಿಯಾಚೆ, ಜಾಲಿಗಿಡಗಳ ನಡುವೆ. ಉಳಿದ ದಿನಗಳಲ್ಲಿ ಜೋಳ, ಕುಸುಬೆ, ಕರಿಮಣ್ಣು ಬಿಟ್ಟರೆ ಬೇರೇನೂ ಕಾಣದ ನಮ್ಮ ಬಯಲಿಗೆ ಶನಿವಾರ ನಸುಕಿನಲ್ಲಿ ಕಡಲು ಬರುತ್ತದೆ, ರವಿವಾರ ಹೊತ್ತು ಮುಳುಗುವಾಗ ಹೋಗುತ್ತದೆ. ಬರುವಾಗ ತನ್ನ ಉಸುಕನ್ನು ತಾನೇ ತಂದು ಹಾಸಿಕೊಳ್ಳುತ್ತದೆ, ಹೋಗುವಾಗ ಚಾಪೆ ಸುತ್ತಿದಂತೆ ಸುತ್ತಿಕೊಂಡು ಹೋಗುತ್ತದೆ. ಹೊಲದಲ್ಲಿ ಒಂದು ಚಿಟಿಕೆ ಉಪ್ಪು ಕೂಡ ಉಳಿಯುವುದಿಲ್ಲ. ತವರಿಗೆ ಕೇಡು ಬಯಸುವ ಮಗಳು ಎಲ್ಲಾದರೂ ಉಂಟೆ ಎಂದು ಹಿರಿಯರು ಕೇಳುತ್ತಾರೆ.

ಹೌದು, ಊರಿನ ಮಾತಿನಲ್ಲಿ ಕಡಲು ಈ ಊರಿನ ಮಗಳು. ಎಲ್ಲಿಗೋ ದೂರ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ತವರಿಗೆ ಬರುತ್ತಾಳೆ. ಯಾವಾಗ ಕೊಟ್ಟರು, ಯಾರ ಮನೆಗೆ ಕೊಟ್ಟರು ಎಂಬುದು ಯಾರಿಗೂ ಗೊತ್ತಿಲ್ಲ, ಕೇಳುವವರೂ ಇಲ್ಲ. ಮಗಳು ಮನೆಗೆ ಬಂದಾಗ ಅದೆಲ್ಲ ಪಂಚಾಯ್ತಿ ಯಾಕೆ? ಬಂದವಳಿಗೆ ಕಾಲಿಗೆ ನೀರು ಕೊಡಬೇಕು, ಬಾಯಿಗೆ ಬೆಲ್ಲ ಕೊಡಬೇಕು, ಹೋಗುವ ತನಕ ಜೊತೆಗಿರಬೇಕು, ಹೋಗುವಾಗ ಉಡಿ ತುಂಬಿ ಕಳಿಸಬೇಕು. ಯಾರ ಹೊಲದಲ್ಲಿ ಇಳಿಯುತ್ತಾಳೋ ಆ ವಾರ ಅವರ ಮನೆಯೇ ಅವಳಿಗೆ ತವರು. ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಒಂದು ಖಣ ಬೇಕು. ಎಲ್ಲ ಆ ಮನೆಯದ್ದೇ ಆಗಬೇಕು, ಆ ಮನೆಯ ಹೆಂಗಸೇ ತುಂಬಬೇಕು, ಮುತ್ತೈದೆಯೇ ಆಗಬೇಕೆಂದಿಲ್ಲ. ಕಡ ತಂದ ಅಕ್ಕಿ ನಡೆಯದು. ಒಂದು ಸಲ ಒಬ್ಬರ ಮನೆಯವರು ತಮ್ಮತಮ್ಮಲ್ಲೇ ಜಗಳಾಡುತ್ತ ಉಡಿ ಮರೆತುಬಿಟ್ಟರು. ಬರಿ ಮಡಿಲಲ್ಲಿ ಹೋದ ಕಡಲು ಆಮೇಲೆ ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ. ಊರಿಗೆ ಊರೇ ಶನಿವಾರ ಮಾಳಿಗೆ ಹತ್ತಿ, ಗರಿಗರಿ ಹಪ್ಪಳ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಇಳಿಯುವುದಾಯಿತು. ಆ ಮನೆಯವರಿಗೆ ಇಂದಿಗೂ ಯಾರದಾದರೂ ಮದುವೆ ಪಂಕ್ತಿಯಲ್ಲಿ ಆ ಮಾತು ಕೇಳುವುದು ತಪ್ಪಿಲ್ಲ.

ನಾನೂ ಈ ಊರಿನ ಮಗಳೇ. ಹೆಸರು ದಾನೇಶ್ವರಿ, ಮನೆಯಲ್ಲಿ ದಾನಿ. ನನ್ನನ್ನೂ ದೂರ ಕೊಟ್ಟಿದ್ದರು. ಗಂಡ ಕುಡಿಯುವವನಲ್ಲ, ಹೊಡೆಯುವವನೂ ಅಲ್ಲ. ಹೊಡೆದಿದ್ದರೆ ತೋರಿಸುವುದಕ್ಕಾದರೂ ಒಂದು ಬರೆ ಇರುತ್ತಿತ್ತು. ಆ ಮನೆಯಲ್ಲಿ ನಾನು ಉಂಡೆನೋ ಬಿಟ್ಟೆನೋ, ಎದ್ದೆನೋ ಬಿದ್ದೆನೋ ಎಂದು ಕೇಳುವವರಿರಲಿಲ್ಲ. ವಾರಗಟ್ಟಲೆ ನನ್ನ ಹೆಸರು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಒಂದು ದಿನ ಬಸ್ಸು ಹತ್ತಿ ತವರಿಗೆ ಬಂದೆ, ಅವ್ವನ ಮುಂದೆ ಕುಳಿತು ಎಲ್ಲ ಹೇಳಿಕೊಂಡೆ. ಅವ್ವ ಪೂರ್ತಿ ಕೇಳಿಸಿಕೊಂಡು, ನಾಲ್ಕು ದಿನ ಇದ್ದು ಹೋಗು ಎಂದಳು. ಆ ನಾಲ್ಕು ದಿನ ಮುಗಿಯದೆ ಮೂರು ವರ್ಷವಾಯಿತು.

ಅವ್ವ ನನ್ನನ್ನು ಹೋಗು ಎಂದವಳಲ್ಲ, ಇರು ಎಂದವಳೂ ಅಲ್ಲ. ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ಮನೆಯ ಒಂದು ಕೆಲಸವನ್ನೂ ನನಗೆ ಮುಟ್ಟಗೊಡುತ್ತಿರಲಿಲ್ಲ. ತವರಿಗೆ ಬಂದ ಮಗಳು ಕೂತು ಉಣ್ಣಬೇಕು, ಅಷ್ಟೇ. ಕಸಬರಿಗೆ ಹಿಡಿದರೆ ಕಸಿದುಕೊಳ್ಳುವಳು. ಅಡುಗೆಮನೆಯ ಹೊಸ್ತಿಲು ದಾಟಿದರೆ ಮಣೆ ಹಾಕಿ ಕೂಡಿಸುವಳು. ಹೆಂಚಿನ ಮೇಲಿಂದ ಇಳಿದ ಮೊದಲ ರೊಟ್ಟಿ, ಅದರ ಮೇಲೆ ಬೆಣ್ಣೆ, ನನ್ನ ತಾಟಿಗೇ. ಕೇಳಿದವರಿಗೆ ಎಂಥ ಸುಖ ಅನ್ನಿಸೀತು. ಮೂರು ವರ್ಷ ದಿನಾ ಬೀಗರೂಟ ಉಂಡು ನೋಡಿದರೆ ಗೊತ್ತಾಗುತ್ತದೆ, ಅದು ಗಂಟಲಲ್ಲಿ ಹೇಗೆ ಇಳಿಯುತ್ತದೆ ಎಂದು. ಇದರ ಒಳಗುಟ್ಟನ್ನು ನನಗೆ ಬಿಡಿಸಿ ಹೇಳಿದವಳು ನನ್ನ ಅಣ್ಣನ ಹೆಂಡತಿ, ಸುಗಲಾ ವೈನಿ. ನಾನು ಎಲ್ಲಿಯವರೆಗೆ ಅತಿಥಿಯೋ ಅಲ್ಲಿಯವರೆಗೆ ಒಂದಲ್ಲ ಒಂದು ದಿನ ಗಂಡನ ಮನೆಗೆ ಹೋಗುತ್ತೇನೆ ಎಂಬ ಆಸೆ ಅವ್ವನಿಗೆ ಉಳಿದಿರುತ್ತದಂತೆ. ಒಲೆ ಹಚ್ಚಲು ಬಿಟ್ಟರೆ ಆ ಆಸೆ ಮುಗಿಯಿತು. ವೈನಿ ಹೇಳಿದ್ದು ಸರಿಯೇ ಇತ್ತು. ಅವ್ವನ ಆಸೆ ನನಗೆ ಅರ್ಥವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ನನಗೆ ಬೇಕಾದದ್ದು ಬೆಣ್ಣೆಯಲ್ಲ. ಈ ಮನೆ ನನ್ನದೂ ಹೌದು ಎಂದು ಅವ್ವನ ಬಾಯಿಂದ ಒಂದೇ ಒಂದು ಮಾತು ಬೇಕಿತ್ತು.

ಮನೆಯವಳಂತೆ ಇರಲು ನನಗೆ ಬಿಟ್ಟಿದ್ದ ಒಂದೇ ಜಾಗ ಜೀಪಿನ ಡ್ರೈವರ್ ಸೀಟು. ಅದು ಅಪ್ಪ ಯಾವುದೋ ಹರಾಜಿನಲ್ಲಿ ಹಿಡಿದು ತಂದ ಹಳೆಯ ಜೀಪು. ಅಪ್ಪ ಬದುಕಿದ್ದಾಗಲೇ ನನಗೆ ಓಡಿಸಲು ಕಲಿಸಿದ್ದ. ಕಡಲಿನ ಉಸುಕಿನಲ್ಲಿ ಬೇರೆ ಗಾಡಿಗಳು ಹೂತು ಕೂರುತ್ತವೆ, ನಾಲ್ಕೂ ಗಾಲಿ ಎಳೆಯುವ ಜೀಪೇ ಬೇಕು. ಜೀಪಿದ್ದರೂ ಸಾಲದು, ಓಡಿಸುವ ಕಾಲಿಗೆ ಬುದ್ಧಿ ಇರಬೇಕು. ಅಣ್ಣ ಶಿವಪುತ್ರನಿಗೆ ಊರ ರಸ್ತೆಯಲ್ಲಿ ಯಾವ ಗಾಡಿಯೂ ಕಷ್ಟವಿಲ್ಲ, ಉಸುಕು ಕಂಡರೆ ಮಾತ್ರ ಬ್ರೇಕು ಒತ್ತಿಬಿಡುತ್ತಾನೆ. ಉಸುಕಿನಲ್ಲಿ ಬ್ರೇಕು ಒತ್ತಿದವನ ಗತಿ ಕೆಸರಿನಲ್ಲಿ ಕುಳಿತ ಎಮ್ಮೆಯ ಗತಿ. ಹಾಗಾಗಿ ಶನಿವಾರ ಬಂತೆಂದರೆ ಬೀಗದ ಕೈ ನನ್ನ ಕೈಗೆ ಬರುತ್ತಿತ್ತು, ಅವ್ವನೂ ಸುಮ್ಮನಿರುತ್ತಿದ್ದಳು.

ಆ ಶನಿವಾರ ಮಾಳಿಗೆ ಹತ್ತಿದವಳು ಅಣ್ಣನ ಮಗಳು ತನು. ತೆಂಕಣ ಮೂಲೆಯ ಬುಟ್ಟಿ ಎತ್ತಿ ನೋಡಿ, ಹಪ್ಪಳವನ್ನು ಹಿಡಿದುಕೊಂಡೇ ಕೆಳಗೆ ಓಡಿ ಬಂದಳು. ಅದು ಮೆತ್ತಗಾಗಿದ್ದಷ್ಟೇ ಅಲ್ಲ, ತೊಯ್ದ ಬಟ್ಟೆಯಂತೆ ಅವಳ ಬೆರಳಿಗೆ ಜೋತು ಬಿದ್ದಿತ್ತು. ಅಷ್ಟು ಹತ್ತಿರ ಎಂದರೆ ಆ ದಿಕ್ಕಿಗೆ ಇರುವುದು ನಮ್ಮ ಮಡ್ಡಿ ಹೊಲ ಒಂದೇ. ಬರೀ ಕಲ್ಲು, ಕಳ್ಳಿ. ಬಿತ್ತಿದ ಬೀಜವೂ ಮರಳಿ ಬರದ ನೆಲ. ಅಲ್ಲಿಗೆ ಆಡು ಕೂಡ ಮನಸ್ಸಿಲ್ಲದೆ ಹೋಗುತ್ತದೆ ಎಂದು ಅಣ್ಣ ನಗುತ್ತಿದ್ದ. ಅಜ್ಜಿಯ ಕಾಲದಲ್ಲಿ ಒಮ್ಮೆ ಬಂದದ್ದು ಬಿಟ್ಟರೆ ಕಡಲು ನಮ್ಮ ನೆಲ ತುಳಿದಿರಲಿಲ್ಲ. ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಡಿ ಸೀರೆ ಉಟ್ಟಳು, ಪೆಟ್ಟಿಗೆಯಿಂದ ಹೊಸ ಖಣ ತೆಗೆದಳು, ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಾನೇ ಬೆಳಗಿದಳು. ನಾನು ಏನಾದರೂ ಹಿಡಿಯಲೇ ಎಂದರೆ, ನೀ ಜೀಪು ನೋಡು ಎಂದಳು. ಯಾವ ಗಂಟಿನಲ್ಲಿ ಏನಿದೆ, ಏನು ಅಡುಗೆ, ಯಾವಾಗ ಎಂಬುದೆಲ್ಲ ಅವಳೂ ವೈನಿಯೂ ಅಡುಗೆಮನೆಯಲ್ಲಿ ನಿಂತು ತೀರ್ಮಾನಿಸಿದರು. ನಾನು ಹೊರಗೆ ರೇಡಿಯೇಟರಿಗೆ ನೀರು ಹಾಕುತ್ತಿದ್ದೆ.

ಊರು ದಾಟಿದ ಮೇಲೆ ಬಂಡಿದಾರಿ, ಅದರ ತುದಿಗೆ ಕರಿಮಣ್ಣು ಮುಗಿದು ಬೆಳ್ಳನೆಯ ಉಸುಕು ಶುರು. ಅಲ್ಲಿ ಜೀಪು ನಿಲ್ಲಿಸಿದೆ. ಇಳಿದು, ಮುಂದಿನ ಗಾಲಿಗಳೂ ಎಳೆಯುವಂತೆ ಅವೆರಡರ ನಡುವಿನ ಗುಬ್ಬಿ ತಿರುಗಿಸಿ, ಬೆಂಕಿಕಡ್ಡಿಯಿಂದ ವಾಲ್ವು ಒತ್ತಿ ನಾಲ್ಕೂ ಟೈರಿನ ಗಾಳಿ ಇಳಿಸಿದೆ. ಟೈರು ಹೊಟ್ಟೆ ಬಿಟ್ಟುಕೊಂಡು ಅಗಲವಾದರೆ ಉಸುಕಿನ ಮೇಲೆ ತೇಲುತ್ತದೆ. ಆಮೇಲೆ ಸಣ್ಣ ಗೇರು ಎಳೆದು, ದೊಡ್ಡ ಗೇರನ್ನು ಎರಡನೆಯದಕ್ಕೆ ಹಾಕಿ, ಆಕ್ಸಿಲರೇಟರಿನ ಮೇಲೆ ಕಾಲನ್ನು ಒಂದೇ ಹದಕ್ಕೆ ಇಟ್ಟೆ. ದಿಬ್ಬ ಬಂದಾಗ ಅಣ್ಣ ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ದಿಬ್ಬದ ನೆತ್ತಿ ದಾಟಿದ್ದೇ ತಡ, ಕಡಲು ಕಂಡಿತು. ನಮ್ಮ ಕಲ್ಲು ಕಳ್ಳಿಯ ಹೊಲದ ತುಂಬ ನೀಲಿ. ಅಪ್ಪ ಕಟ್ಟಿಸಿ ಅರ್ಧಕ್ಕೆ ಬಿಟ್ಟ ಬಾವಿಯ ಕಟ್ಟೆ ಮಾತ್ರ ನೀರಿನಂಚಿನಲ್ಲಿ ತಲೆಯೆತ್ತಿತ್ತು. ಅಲೆಗಳು ಅದರ ಸುತ್ತ ಬಂದು ಬಂದು ಹೋಗುತ್ತಿದ್ದವು. ಇಷ್ಟು ವರ್ಷ ಬೈದುಕೊಂಡ ನೆಲ ಅದು. ನನಗೆ ಕಣ್ಣು ತುಂಬಿ ಬಂತು.

ಅವ್ವ ಇಳಿದವಳೇ ನೇರ ನೀರಿನಂಚಿಗೆ ನಡೆದಳು. ತಂಬಿಗೆಯ ಸಿಹಿನೀರನ್ನು ಅಲೆಯ ತುದಿಗೆ ಹೊಯ್ದು, ಕಾಲು ತೊಳಕೋವ್ವ ಎಂದಳು. ಕಡಲಿಗೇ ಕಾಲಿಗೆ ನೀರು ಕೊಡುವ ಊರು ಇನ್ನೊಂದಿದೆಯೋ ಇಲ್ಲವೋ ನಾನರಿಯೆ. ಬೆಲ್ಲದ ಚೂರು ಹಾಕಿದಳು, ಅದನ್ನು ನೀರು ಎಳೆದುಕೊಂಡ ಮೇಲೆಯೇ ನಮಗೆ ಕಾಲು ತೋಯಿಸಲು ಅಪ್ಪಣೆಯಾಯಿತು. ತನು ಕಿರುಚುತ್ತ ನುಗ್ಗಿದಳು. ಅಣ್ಣ ಪ್ಯಾಂಟು ಮೊಣಕಾಲಿನ ತನಕ ಮಡಚಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ದೊಡ್ಡ ಈಜುಗಾರನಂತೆ ಸೊಂಟದ ಮೇಲೆ ಕೈ ಇಟ್ಟುಕೊಂಡ. ಅಷ್ಟರಲ್ಲಿ ಊರಿನ ಬೇರೆ ಜೀಪುಗಳೂ ದಿಬ್ಬ ಇಳಿದು ಬಂದವು. ಎಲ್ಲರಿಗಿಂತ ಹಿರಿಯಳಾದ ತಂಗೆವ್ವ ಆಯಿಯನ್ನು ಅವಳ ಮೊಮ್ಮಕ್ಕಳು ಕುರ್ಚಿ ಸಮೇತ ಎತ್ತಿ ಇಳಿಸಿದರು. ಕಡಲಿನ ರೀತಿ ರಿವಾಜಿನಲ್ಲಿ ಊರಿಗೆಲ್ಲ ಅವಳ ಮಾತೇ ಕೊನೆ.

ಜೀಪಿನ ಬೆನ್ನಿಗೆ ತಾಡಪಾಲು ಕಟ್ಟಿ, ಇನ್ನೆರಡು ತುದಿಗೆ ಹಾರೆ ನೆಟ್ಟು, ಕೆಳಗೆ ಜಮಖಾನೆ ಹಾಸಿದೆವು. ಮನೆ ಆಯಿತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ರೊಟ್ಟಿ ಗಾಳಿಗೆ ಮೆತ್ತಗಾದರೂ ಯಾರೂ ದೂರಲಿಲ್ಲ. ಮಧ್ಯಾಹ್ನವೆಲ್ಲ ಊರಿನವರು ಒಬ್ಬರ ತಾಡಪಾಲಿನಿಂದ ಇನ್ನೊಬ್ಬರ ತಾಡಪಾಲಿಗೆ ಹೋಗಿ ಬಂದು ಮಾಡಿದರು. ಬಂದವರೆಲ್ಲ ನಮ್ಮ ಮಡ್ಡಿಯನ್ನು ಹೊಗಳಿದರು, ಅವ್ವ ಆ ಹೊಗಳಿಕೆಯನ್ನು ಮಗಳ ಮದುವೆ ಮಾಡಿದವಳಂತೆ ಸ್ವೀಕರಿಸಿದಳು. ನಾನು ಉಸುಕಿನಲ್ಲಿ ಹೂತ ಎರಡು ಗಾಡಿಗಳನ್ನು ಎಳೆದು ಕೊಟ್ಟು, ಚುರಮರಿ ತಿಂದು, ನೀರಿನಲ್ಲಿ ತನುವಿನ ಜೊತೆ ಬಿದ್ದೆದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ಸುಖವಾಗಿತ್ತು.

ಸಂಜೆ ಬಟ್ಟೆ ಹಿಂಡಿಕೊಂಡು ಬರುವಾಗ ಅವ್ವ ಬಾವಿಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದು ಕಂಡಿತು. ಕಾಲು ನೀರಿನಲ್ಲಿ ಇಳಿಬಿಟ್ಟು ಕಡಲಿನ ಜೊತೆ ಮಾತಾಡುತ್ತಿದ್ದಳು. ಹೆಂಗ ಬಂದಿ, ದಾರ್ಯಾಗ ಉಂಡ್ಯೋ ಇಲ್ಲೋ, ಇಷ್ಟ್ಯಾಕ ಸೊರಗೀದಿ ಎಂದು ಸಾಗಿತ್ತು ಮಾತು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಖರೇ ಹೇಳವ್ವಾ, ಅಲ್ಲಿ ನಿನ್ನ ಛಲೋ ನೋಡ್ಕೊಂತಾರನು?"

ನಾನು ಹಿಂದೆ ಸರಿದೆ. ಬಂದ ದಿನ ನಾನಾಗಿ ಹೇಳಿದ್ದನ್ನು ಕೇಳಿಸಿಕೊಂಡದ್ದು ಬಿಟ್ಟರೆ ಅವ್ವ ನನ್ನನ್ನು ಈ ಮಾತು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ. ಕಡಲಾದರೆ ಉತ್ತರ ಕೊಡುವುದಿಲ್ಲ. ಕಡಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಕ್ಕರೂ ಸರಿಯೇ, ಆದದ್ದು ಹಾಗೆ.

ಮರುದಿನ ಎದ್ದಾಗ ಬಿಸಿಲು ಏರಿತ್ತು. ತಾಡಪಾಲಿನ ಕೆಳಗೆ ನಾನೊಬ್ಬಳೇ. ಅವ್ವ, ವೈನಿ, ತನು ಮೂವರೂ ಚಿಪ್ಪು ಆರಿಸಲು ದಂಡೆಗುಂಟ ದೂರ ಹೋಗಿದ್ದರು, ಅಣ್ಣ ಇನ್ನಾರದೋ ತಾಡಪಾಲಿನಲ್ಲಿ ಇಸ್ಪೀಟಿಗೆ ಕುಳಿತಿದ್ದ. ಎದುರಿಗೆ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಕಟ್ಟಿಗೆ, ಬೋಗುಣಿ, ಎಣ್ಣೆ, ಮೆಣಸಿನಕಾಯಿ, ಮೊಸರಿನ ಗಡಿಗೆ, ಒಂದು ಚೀಲದಲ್ಲಿ ಹಸನು ಮಾಡಿಟ್ಟ ಅಕ್ಕಿ. ಸುತ್ತ ಯಾರೂ ಇಲ್ಲ. ಹಾಲಿನ ಮನೆಯಲ್ಲಿ ಬೆಕ್ಕನ್ನು ಬಿಟ್ಟು ಹೋದಂತಾಯಿತು. ನಾನು ಒಲೆ ಹಚ್ಚಿದೆ. ಮೂರು ವರ್ಷದ ಮೇಲೆ ಹೊಗೆ ಕಣ್ಣಿಗೆ ಹೋದದ್ದು ಕೂಡ ಹಿತವಾಗಿತ್ತು. ಚೀಲದ ಅಕ್ಕಿ ಪೂರ್ತಿ ಸುರಿದು ಅನ್ನ ಮಾಡಿದೆ, ಗಾಳಿಗೆ ಉರಿ ಅತ್ತಿತ್ತ ಹೊಯ್ದಾಡಿ ತಳ ಸ್ವಲ್ಪ ಹತ್ತಿತು. ಮೊಸರು ಕಲಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆ. ಆ ಚಿಟಪಟ ಸದ್ದು ಕೇಳಿ ಎರಡು ತಾಡಪಾಲು ಆಚೆಯವರು ತಿರುಗಿ ನೋಡಿದರು.

ಅವರು ಮರಳಿ ಬಂದಾಗ ನಾನು ತಾಟು ಹಾಕಿ ಕಾದಿದ್ದೆ. ತನು ಕುಳಿತೇಬಿಟ್ಟಳು. ವೈನಿ ಒಮ್ಮೆ ನನ್ನನ್ನೂ ಒಮ್ಮೆ ಅವ್ವನನ್ನೂ ನೋಡಿ, ಬಂದ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅವ್ವ ಒಲೆಯನ್ನು ನೋಡಿದಳು, ಮಸಿ ಹತ್ತಿದ ನನ್ನ ಕೈ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ, ಕುಳಿತು ಉಂಡಳು. ಇನ್ನೊಂದು ಸಲ ಹಾಕಲೇ ಎಂದಾಗ ತಾಟು ಮುಂದೆ ಸರಿಸಿದಳು, ಅಷ್ಟೇ. ಮಾಡಿದ್ದು ಜಾಸ್ತಿಯಾಗಿ ಅರ್ಧ ಬೋಗುಣಿ ಉಳಿಯಿತು, ಮುಚ್ಚಿಟ್ಟೆ.

ಹೊತ್ತು ಇಳಿಯುತ್ತ ಬಂದಂತೆ ಊರಿನವರೆಲ್ಲ ಬಾವಿಕಟ್ಟೆಯ ಹತ್ತಿರ ಸೇರತೊಡಗಿದರು. ಗಂಡಸರು ತಾಡಪಾಲು ಮಡಚುತ್ತಿದ್ದರು, ಹೆಂಗಸರು ತಲೆ ಬಾಚಿಕೊಂಡು ಕುಂಕುಮ ಇಟ್ಟುಕೊಂಡು ನಿಂತರು. ಅಲೆಗಳು ಸಣ್ಣಗಾಗಿದ್ದವು. ಹೊರಡುವ ಮುಂಚೆ ಕಡಲು ಹಾಗೆ ಸುಮ್ಮನಾಗುತ್ತದೆ. ಅವ್ವ ತಾಟಿನಲ್ಲಿ ಖಣ ಹಾಸಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ ಜೋಡಿಸಿ, ಅಕ್ಕಿ ಕೊಡು ಎಂದು ವೈನಿಯತ್ತ ಕೈ ಚಾಚಿದಳು. ವೈನಿ ಒಲೆಯ ಹತ್ತಿರ ಹೋದವಳು ಖಾಲಿ ಚೀಲ ಹಿಡಿದು ನಿಂತುಬಿಟ್ಟಳು.

ಆಗ ನನಗೆ ಹೊಳೆಯಿತು. ಅದು ಉಡಿ ಅಕ್ಕಿ. ಕಲ್ಲು ಆರಿಸಿ ಹಸನು ಮಾಡಿದ ಮೇಲೆ ವೈನಿ ಒಲೆಯ ಪಕ್ಕದಲ್ಲೇ ಮರೆತಿದ್ದಾಳೆ. ಊಟಕ್ಕೆಂದು ಅವರು ಅಕ್ಕಿಯನ್ನೇ ತಂದಿರಲಿಲ್ಲ. ರವಿವಾರ ಮಧ್ಯಾಹ್ನಕ್ಕೆ ಅವಲಕ್ಕಿ ಎಂದು ಮನೆಯಲ್ಲೇ ಮಾತಾಗಿತ್ತಂತೆ. ಇದೆಲ್ಲ ಮನೆಯವರಿಗೆ ಗೊತ್ತಿತ್ತು. ಅಡುಗೆಮನೆಯ ಮಾತು ಅತಿಥಿಗೆ ಯಾರು ಹೇಳುತ್ತಾರೆ? ಅನ್ನ ಕಂಡಾಗ ಅವರು, ನಾನು ಪಕ್ಕದ ತಾಡಪಾಲಿನವರಿಂದ ಅಕ್ಕಿ ತಂದೆ ಎಂದುಕೊಂಡಿದ್ದರಂತೆ. ಊರಿಗೆ ಹೋಗಿ ಅಕ್ಕಿ ತರುತ್ತೇನೆ ಎಂದು ಜೀಪಿನತ್ತ ಓಡಿದೆ. ಅಣ್ಣ ತಡೆದು ಸೂರ್ಯನ ಕಡೆ ಕೈ ತೋರಿಸಿದ. ದಿಬ್ಬ ದಾಟುವುದರೊಳಗೇ ಮುಳುಗುವಂತಿತ್ತು.

ಗುಸುಗುಸು ಎದ್ದಿತು. ಕಡ ಅಕ್ಕಿ ನಡೆಯದು ಎಂಬುದು ಎಲ್ಲರಿಗೂ ಗೊತ್ತು. ಗರಿಗರಿ ಹಪ್ಪಳದ ಆ ದಿನಗಳೂ ಎಲ್ಲರಿಗೂ ನೆನಪಿದ್ದವು. ಊರಿನ ಶನಿವಾರವನ್ನೆಲ್ಲ ನಾನು ಮೊಸರು ಕಲಸಿ ಉಣಬಡಿಸಿಬಿಟ್ಟಿದ್ದೆ. ತಂಗೆವ್ವ ಆಯಿ ಕುರ್ಚಿಯಿಂದ ಕೇಳಿದಳು, ಅಕ್ಕಿ ಏನಾಯಿತು ಎಂದು. ವೈನಿ ಒಂದು ಹೆಜ್ಜೆ ಮುಂದೆ ಬಂದು, ನನ್ನ ತಪ್ಪು ಎನ್ನಲು ಬಾಯಿ ತೆರೆದಳು. ನಾನು ಬಿಡಲಿಲ್ಲ.

"ನಾ ಅನ್ನ ಮಾಡಿದೆ ಆಯಿ. ಗೊತ್ತಿಲ್ದ."

ಆಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. ಅವಳಿಗೆ ಅಕ್ಕಿಗಿಂತ ಬೇರೆಯದೇ ಮುಖ್ಯವಾದಂತಿತ್ತು.

"ಅಲ್ಲ ಗುರುಬಸವ್ವ, ತವರಿಗೆ ಬಂದಾಕಿ ಕೈಲಿ ಒಲಿ ಹಚ್ಚಸ್ತಾರೇನು? ಇದ್ಯಾವ ಮನಿ ರೀತಿ?"

ಅವ್ವನಿಗೆ ತಪ್ಪಿಸಿಕೊಳ್ಳಲು ದಾರಿ ಸುಲಭವಿತ್ತು. ಅವಳಿಗೇನು ಗೊತ್ತು, ಬಂದ ಹುಡುಗಿ, ತಿಳಿಯದೆ ಮಾಡಿದಳು ಎಂದರೆ ಮುಗಿಯುತ್ತಿತ್ತು. ನಾನು ಮತ್ತೆ ಮೂರು ವರ್ಷ ಮಣೆಯ ಮೇಲೆ ಕೂತು ಬೆಣ್ಣೆ ತಿನ್ನುತ್ತಿದ್ದೆ. ಅವ್ವ ಆ ದಾರಿಯನ್ನು ನೋಡಿದ್ದು ನನಗೆ ಕಂಡಿತು. ಒಮ್ಮೆ ಕಡಲನ್ನು ನೋಡಿದಳು, ಹೋಗಬೇಕಾದವಳು ಅಲ್ಲಿ ಸದ್ದಿಲ್ಲದೆ ಕಾಯುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು.

"ಆಕಿ ಬಂದಾಕಿ ಅಲ್ಲ ಆಯಿ," ಎಂದಳು. "ಮನಿಯಾಕಿ."

ಆ ಮಾತನ್ನು ಜೋರಾಗಿ ಹೇಳಲಿಲ್ಲ. ಆದರೆ ಊರಿನ ಎದುರು ಹೇಳಿದಳು. ಹೇಳಿದ ಮೇಲೆ ಅವ್ವನ ಮುಖ ಒಂದು ಕ್ಷಣ ಬರಿದಾಯಿತು. ಮೂರು ವರ್ಷ ಹಿಡಿದುಕೊಂಡಿದ್ದ ಆಸೆಯನ್ನು ಕೆಳಗಿಟ್ಟವಳ ಮುಖ ಅದು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಅವಳಿಗಾಗಿ ಕರುಳು ಚುರುಕ್ಕೆಂದಿತು, ಎರಡೂ ಒಟ್ಟಿಗೇ.

ಆಯಿ, ಹಾಗಿದ್ದರೆ ಮನೆಯವಳು ಮಾಡಿದ ಅಡುಗೆ ಎಲ್ಲಿ, ಉಳಿದಿದೆಯೋ ಇಲ್ಲವೋ ಎಂದು ಕೇಳಿದಳು. ಉಳಿದಿದೆ ಎಂದೆ. ಮಗಳಿಗೆ ಉಡಿ ತುಂಬಲು ಅಕ್ಕಿ ಇಲ್ಲದ ಬಡವರು ಮೊದಲೆಲ್ಲ ಬುತ್ತಿ ಕಟ್ಟಿ ಕಳಿಸುತ್ತಿದ್ದರು, ತನ್ನ ಅವ್ವ ತನ್ನನ್ನು ಕಳಿಸಿದ್ದು ಹಾಗೆಯೇ, ಅದರಿಂದ ತನಗೇನೂ ಕಡಿಮೆಯಾಗಲಿಲ್ಲ ಎಂದಳು. ತೊಂಬತ್ತು ದಾಟಿದವಳ ಬಾಯಿಂದ ಬಂದ ಮಾತು, ಎದುರಾಡುವವರು ಯಾರು? ವೈನಿ ಓಡಿ ಬೋಗುಣಿ ತಂದಳು. ಯಾರೋ ಬಾಳೆಎಲೆ ಕೊಟ್ಟರು. ಎಲೆ ಬೇರೆ ಮನೆಯದಾದರೆ ನಡೆಯುತ್ತದೆಯೇ ಎಂದು ಅಣ್ಣ ಕೇಳಿದ. ಬಾಯಿ ಮುಚ್ಚಿಕೊಂಡಿರಲು ಆಯಿ ಹೇಳಿದಳು.

ನಾನು ಮೊಸರನ್ನವನ್ನು ಎಲೆಯಲ್ಲಿ ಹಾಕಿ ಬುತ್ತಿ ಕಟ್ಟಿದೆ. ಕಟ್ಟಿ ಅವ್ವನ ತಾಟಿನಲ್ಲಿ ಇಟ್ಟೆ. ಅವ್ವ ತಾಟನ್ನು ತಿರುಗಿಸಿ ನನ್ನ ಕೈಗೇ ಕೊಟ್ಟಳು. ನೀರಿನ ತನಕ ನನ್ನ ಜೊತೆ ಬಂದಳು, ಮುಂದೆ ಬರಲಿಲ್ಲ.

ಮೊಣಕಾಲು ಮುಳುಗುವ ತನಕ ಇಳಿದು ನಿಂತೆ. ಒಂದು ಅಲೆ ಮೆಲ್ಲಗೆ ಎದ್ದು ಬಂದು, ನನ್ನ ಎದುರಿಗೆ ಮಡಿಲೊಡ್ಡಿದಂತೆ ಬಾಗಿ ನಿಂತಿತು. ಇಷ್ಟು ವರ್ಷ ಬೇರೆ ಹೆಂಗಸರು ಮಾಡುವಾಗ ದೂರದಿಂದ ನೋಡಿದ್ದೆ. ಹತ್ತಿರದಿಂದ ಅದಕ್ಕೆ ಒಂದು ಬೆಚ್ಚಗಿನ ಉಸಿರಿತ್ತು. ಖಣ ಇಟ್ಟೆ, ಕೊಬ್ಬರಿ ಇಟ್ಟೆ, ಅರಿಷಿಣ, ಎಲೆ ಅಡಿಕೆ ಇಟ್ಟೆ, ಕೊನೆಗೆ ಬುತ್ತಿ. ಏನಾದರೂ ಹೇಳಬೇಕಲ್ಲ. ತಳ ಸ್ವಲ್ಪ ಹತ್ತೇತ್ರಿ, ಹೊಂದಿಸ್ಕೊಂಡು ಉಣ್ರಿ ಎಂದೆ. ಅಲೆ ಮಡಚಿಕೊಂಡಿತು. ಬುತ್ತಿಯ ಹಸಿರು ಎಲೆ ಒಂದು ಸಲ ಮೇಲೆ ಕಂಡು ಒಳಗೆ ಹೋಯಿತು. ಆಮೇಲೆ ಕಡಲು ಹಿಂದಕ್ಕೆ ಸರಿಯತೊಡಗಿತು. ನನ್ನ ಕಾಲ ಕೆಳಗಿನ ಉಸುಕು ಜಾರಿತು, ಬಾವಿಕಟ್ಟೆ ಪೂರ್ತಿ ಎದ್ದು ನಿಂತಿತು, ಕಳ್ಳಿಗಳು ಒಂದೊಂದಾಗಿ ಹೊರಬಂದವು. ಸೂರ್ಯ ಮುಳುಗಿದಾಗ ನಾನು ನಮ್ಮ ಮಡ್ಡಿ ಹೊಲದ ಕಲ್ಲಿನ ಮೇಲೆ ಒಣಗಿದ ಸೀರೆಯಲ್ಲಿ ನಿಂತಿದ್ದೆ. ಮುಂದಿನ ಶನಿವಾರ ಬರುತ್ತಾಳೋ ಇಲ್ಲವೋ ಎಂದು ಹೆಂಗಸರು ಮಾತಾಡಿಕೊಂಡರು. ಬರುತ್ತಾಳೆ, ಒಗ್ಗರಣೆ ಚೆನ್ನಾಗಿತ್ತು ಎಂದು ತನು ತೀರ್ಪು ಕೊಟ್ಟಳು.

ಗಟ್ಟಿ ನೆಲ ಬಂದಿತ್ತು, ಟೈರಿಗೆ ಮತ್ತೆ ಗಾಳಿ ತುಂಬಬೇಕು. ಅಣ್ಣ ಪಂಪು ಒತ್ತುತ್ತ ಏದುಸಿರು ಬಿಡುತ್ತಿದ್ದ. ನಾನು ಗಾಲಿಯ ಗುಬ್ಬಿ ತಿರುಗಿಸಿ ಎದ್ದು, ಡ್ರೈವರ್ ಸೀಟಿಗೆ ಹತ್ತಲು ಹೋದೆ. ಅವ್ವ ಜಮಖಾನೆ ಮಡಚುತ್ತ, ಬೆನ್ನು ತಿರುಗಿಸಿಕೊಂಡೇ ಕರೆದಳು.

"ದಾನಿ, ಆ ಬೋಗುಣಿ ತಳ ಹತ್ತೇತಿ. ಹಂಗ ಜೀಪಿನ್ಯಾಗ ಹಾಕಬ್ಯಾಡ, ತಿಕ್ಕಿ ಇಡು."

ವೈನಿ ರೂಢಿಯಂತೆ ಬೋಗುಣಿಯತ್ತ ಬಗ್ಗಿದಳು. ನೀ ಬಿಡು ಸುಗಲಾ, ಆಕಿ ತಿಕ್ಕತಾಳ ಎಂದಳು ಅವ್ವ. ನಾನು ಜೀಪಿನಿಂದ ಇಳಿದು, ಒಲೆಯ ಬೂದಿ ಒಂದು ಹಿಡಿ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತೆ. ಹತ್ತಿದ ಅನ್ನ ಸುಲಭಕ್ಕೆ ಬಿಡಲಿಲ್ಲ. ನನಗೂ ಅವಸರವೇನಿರಲಿಲ್ಲ.